ಕುಳ್ಳನೇ ಗಟ್ಟಿಗ

ಟ್ರ್ಯಾಕ್ಟರ್ ಅಂದ ಕೂಡಲೇ ನಮ್ಮ ಕಣ್ಣು ಹೋಗುವುದು ಹಿಂದಿನ ಎರಡು ದೊಡ್ಡ ಗಾಲಿಗಳ ಮೇಲೆ. ಗದ್ದೆಯ ಕೆಸರಿನಲ್ಲಿ ಅವಕ್ಕೆ ಸಾಟಿಯಿಲ್ಲ, ನಿಜ. ಅದೇ ಗಾಡಿಯನ್ನು ಸ್ವಿಟ್ಜರ್ಲೆಂಡಿನ ಊರಿ ಎಂಬ ಪ್ರಾಂತ್ಯದ ಕಡಿದಾದ ಹುಲ್ಲುಗಾವಲಿನಲ್ಲಿ ಅಡ್ಡಡ್ಡ ಓಡಿಸಹೊರಟರೆ ಕಥೆ ಬೇರೆ. ಅಲ್ಲಿ ಇಳಿಜಾರನ್ನು ಶೇಕಡಾ ಲೆಕ್ಕದಲ್ಲಿ ಅಳೆಯುತ್ತಾರೆ. ಶೇ. 50 ಅಂದರೆ ಸುಮಾರು 27 ಡಿಗ್ರಿ. ಜಾಗ ಕಡಿದಾದಷ್ಟೂ ರೈತನಿಗೆ ಸರ್ಕಾರ ಕೊಡುವ ಸಹಾಯಧನ ಜಾಸ್ತಿ.

ಇಂಥಲ್ಲಿ ಹುಲ್ಲು ಕೊಯ್ಯಲೆಂದೇ ಮಾಡಿದ ಗಾಡಿಗಳಿವೆ: ಸ್ವಿಟ್ಜರ್ಲೆಂಡಿನದೇ ಬುರ್ಗ್‌ಡೋರ್ಫ್‌ನ ಏಬಿ ಕಂಪನಿಯ ಟೆರಾಟ್ರಾಕ್, ಆಸ್ಟ್ರಿಯಾದ ವೆಲ್ಸ್ ಊರಿನ ರಿಫಾರ್ಮ್ ಕಂಪನಿಯ ಮೆಟ್ರಾಕ್. ಕುಳ್ಳು, ಅಗಲ, ಹಗುರ. ನಾಲ್ಕೂ ಗಾಲಿ ಒಂದೇ ಅಳತೆ. ನಾಲ್ಕಕ್ಕೂ ಎಂಜಿನ್ನಿನ ಬಲ, ನಾಲ್ಕೂ ತಿರುಗುತ್ತವೆ. ಕೊಯ್ಯುವ ಅಲಗು ಮುಂಭಾಗದಲ್ಲಿ, ಚಾಲಕನ ಕಣ್ಣೆದುರೇ.

ಗುಟ್ಟೆಲ್ಲ ಗುರುತ್ವ ಕೇಂದ್ರದಲ್ಲಿ. ಎಡಬಲ ಗಾಲಿಗಳ ನಡುವೆ 1.5 ಮೀಟರ್ ಅಂತರವಿದ್ದು, ಆ ಕೇಂದ್ರ ನೆಲದಿಂದ 1 ಮೀಟರ್ ಮೇಲಿದ್ದರೆ, ಲೆಕ್ಕದ ಪ್ರಕಾರ ಗಾಡಿ ಸುಮಾರು 37 ಡಿಗ್ರಿಗೆ ಮಗುಚುತ್ತದೆ. ಕೇಂದ್ರವನ್ನು 75 ಸೆಂಟಿಮೀಟರಿಗೆ ಇಳಿಸಿ, 45 ಡಿಗ್ರಿಯವರೆಗೆ ತಡೆಯುತ್ತದೆ. ಒಂದು ಎಚ್‌ಪಿ ಕೂಡ ಸೇರಿಸದೆ 8 ಡಿಗ್ರಿ ಲಾಭ! ಹಾಗಂತ 44ಕ್ಕೆ ಹತ್ತಿಸಲು ಹೋಗಬೇಡಿ. ಲೆಕ್ಕದ ಹಾಳೆಯಲ್ಲಿ ಇಲಿ ಬಿಲ ಇರುವುದಿಲ್ಲ. ಮೇಲ್ಬದಿಯ ಗಾಲಿ ಕಲ್ಲು ಹತ್ತಿ, ಕೆಳಬದಿಯದು ಬಿಲಕ್ಕೆ ಇಳಿಯಿತೋ, ಆ ಲಾಭವೆಲ್ಲ ಅಲ್ಲಿಗೇ ಖರ್ಚು.

ಮಗುಚುವುದಕ್ಕೂ ಮುಂಚೆ ಕಾಡುವುದು ಜಾರಿಕೆ. ಇಬ್ಬನಿ ಆರದ ಹುಲ್ಲಿನ ಮೇಲೆ ಗಾಡಿ ಸದ್ದಿಲ್ಲದೆ ಕೆಳಕ್ಕೆ ಸರಿಯುತ್ತದೆ. ಇದಕ್ಕೆ ಪಳಗಿದವರು ಮಾಡುವ ಉಪಾಯ ನನಗೆ ಎಂಜಿನ್ನಿಗಿಂತಲೂ ಇಷ್ಟ. ನಾಲ್ಕೂ ಗಾಲಿಗಳನ್ನು ತುಸು ಮೇಲ್ಮುಖವಾಗಿ ತಿರುಗಿಸಿಕೊಂಡು ಏಡಿಯ ಹಾಗೆ ಓರೆಯಾಗಿ ನಡೆಸುತ್ತಾರೆ. ಗಾಡಿ ಜಾರಿದಷ್ಟನ್ನು ಗಾಲಿಗಳು ಏರಿ ಸರಿದೂಗಿಸುತ್ತವೆ, ಕೊಯ್ದ ಸಾಲು ನೆಟ್ಟಗೆ ಬರುತ್ತದೆ.

ಸೀಟಿನ ಮೇಲಿನ ಕಬ್ಬಿಣದ ಚೌಕಟ್ಟಿನ ಬಗ್ಗೆ ಒಂದು ಮಾತು. ಅದು ಗಾಡಿ ಮಗುಚುವುದನ್ನು ತಡೆಯುವುದಿಲ್ಲ. ಮಗುಚಿದಾಗ ಚಾಲಕ ಅಡಿಗೆ ಸಿಕ್ಕದಂತೆ ಜಾಗ ಉಳಿಸುತ್ತದೆ, ಅದೂ ಬೆಲ್ಟ್ ಹಾಕಿದ್ದರೆ. ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಇದನ್ನು ಕಡ್ಡಾಯ ಮಾಡಿತು.

ಇಷ್ಟೆಲ್ಲ ಒದ್ದಾಟ ಯಾಕೆ? ಚಳಿಗಾಲಕ್ಕೆ ದನಗಳ ಮೇವು ಬೇಕು, ಅದು ಮೊದಲು. ಜೊತೆಗೆ, ಕೊಯ್ಯದೆ ಬಿಟ್ಟ ಉದ್ದ ಹುಲ್ಲು ಹಿಮದ ಭಾರಕ್ಕೆ ಇಳಿಜಾರಿನುದ್ದಕ್ಕೂ ಮಲಗಿಬಿಡುತ್ತದೆ. ಅದರ ಮೇಲಿಂದ ಹಿಮ ಸಲೀಸಾಗಿ ಜಾರುತ್ತದೆ. ಯಂತ್ರವೂ ನಿಲ್ಲದ ಕಡೆ ಊರಿಯ ರೈತರು ಉದ್ದ ಹಿಡಿಯ ಕುಡುಗೋಲು ಹಿಡಿದೇ ಹೋಗುತ್ತಾರೆ. ಒಣಗಿದ ಹುಲ್ಲನ್ನು ಬಲೆಯಲ್ಲಿ ಕಟ್ಟಿ, ತಂತಿಗೆ ನೇತುಹಾಕಿ ಕಣಿವೆಗೆ ಬಿಡುತ್ತಾರೆ.

ನಮ್ಮ ಮಲೆನಾಡಿಗೂ ಇಂಥದೊಂದು ಗಾಡಿ ತರಿಸಬಹುದಲ್ಲ ಎಂಬ ಆಸೆ ಬೇಡ. 9 ಅಡಿ ಅಂತರದ ಅಡಿಕೆ ಸಾಲುಗಳ ನಡುವೆ, ಬಸಿಗಾಲುವೆಗಳ ಪಕ್ಕ, ಅದರ ಅಗಲವೇ ತೊಡಕು. ಅಲ್ಲಿಗೆ ಹೆಗಲಿಗೆ ಹಾಕಿಕೊಳ್ಳುವ ವೀಡ್ ಕಟರ್ರೇ ಸರಿ.