ಖಾಲಿ ಓಡುವ ಕಿಲೋಮೀಟರುಗಳು

ಟೆಕ್ಸಾಸ್‌ನ ಆಸ್ಟಿನ್‌ನಿಂದ ಫ್ರೆಡರಿಕ್ಸ್‌ಬರ್ಗ್ ಕಡೆ ಹೋಗುವ 290ನೇ ಹೆದ್ದಾರಿಯಲ್ಲಿ ಕಳೆದ ಬೇಸಿಗೆ ಎರಡು ಸಲ ಓಡಾಡಿದೆ. ಗಾಡಿ ಅಕ್ಕನ ಮಗನ ಪಿಕಪ್, ನಾನು ಪಕ್ಕದ ಸೀಟಿನಲ್ಲಿ. ಮೊದಲ ಸಲ ಹಿಂದೆ ಏನೂ ಇರಲಿಲ್ಲ. ಡ್ಯಾಶ್‌ಬೋರ್ಡ್ ಗ್ಯಾಲನ್‌ಗೆ 20 ಮೈಲಿ ತೋರಿಸುತ್ತಿತ್ತು. ನಮ್ಮ ಲೆಕ್ಕಕ್ಕೆ ಲೀಟರಿಗೆ ಎಂಟೂವರೆ ಕಿಲೋಮೀಟರ್. ನಾಲ್ಕು ದಿನ ಬಿಟ್ಟು ಕ್ಯಾಂಪಿಂಗ್ ಟ್ರೇಲರ್ ಕಟ್ಟಿಕೊಂಡು ಅದೇ ರಸ್ತೆ ಹಿಡಿದೆವು. ಊರು ದಾಟುವಷ್ಟರಲ್ಲಿ 14. ಮೊದಲ ದೊಡ್ಡ ಏರು ಹತ್ತಿ ಮುಗಿಸಿದಾಗ 9. ಲೀಟರಿಗೆ ನಾಲ್ಕು ಕಿಲೋಮೀಟರೂ ಇಲ್ಲ! “ಮಾವ, ಆ ನಂಬರ್ ನೋಡ್ಬೇಡಿ, ಹೊರಗೆ ನೋಡಿ, ಚೆನ್ನಾಗಿದೆ,” ಅಂದ. ನನಗೆ ಕಣ್ಣು ಕೀಳಲಾಗಲಿಲ್ಲ.

ಜಾನ್ಸನ್ ಸಿಟಿಯ ಬಂಕಿನಲ್ಲಿ ಪೆಟ್ರೋಲ್ ತುಂಬುವಾಗ ಅವನ ಮೊಬೈಲ್ ತೆಗೆಸಿ, ಆ್ಯಪ್‌ನಲ್ಲಿದ್ದ ಒಂದು ವರ್ಷದ ಓಟದ ದಾಖಲೆ ನೋಡಿದೆ. ಒಟ್ಟು ಸುಮಾರು 19,000 ಕಿಲೋಮೀಟರ್. ಅದರಲ್ಲಿ ಟ್ರೇಲರ್ ಎಳೆದದ್ದು ಸುಮಾರು 1,500. ಎಳೆದ ಓಟಕ್ಕೆ ಲೀಟರಿಗೆ ನಾಲ್ಕರಂತೆ ಹಿಡಿದರೆ 375 ಲೀಟರ್. ಉಳಿದ 17,500 ಕಿಲೋಮೀಟರ್ ಆಫೀಸು, ಮಕ್ಕಳ ಶಾಲೆ, ತರಕಾರಿ. ಅದಕ್ಕೆ ಕುಡಿದದ್ದು ಎರಡು ಸಾವಿರ ಲೀಟರಿಗೂ ಹೆಚ್ಚು. ಆ ಖಾಲಿ ಓಟದ ಮೈಲೇಜು ಎಂಟೂವರೆಯಿಂದ ಹತ್ತೂವರೆಗೆ ಏರಿದರೆ ವರ್ಷಕ್ಕೆ ಉಳಿಯುವುದು ಸುಮಾರು 390 ಲೀಟರ್. ವರ್ಷವಿಡೀ ಟ್ರೇಲರ್ ಎಳೆಯಲು ಸುರಿದ ಪೆಟ್ರೋಲಿಗಿಂತ ಹೆಚ್ಚು. ಅರ್ಧ ದಾರಿ ನಾನು ಕಣ್ಣು ನೆಟ್ಟು ಕೂತಿದ್ದು ತಪ್ಪು ನಂಬರಿನ ಮೇಲೆ.

ಅಮೆರಿಕದ ದೊಡ್ಡ ಪಿಕಪ್‌ಗಳು ಒಂದೊಂದಾಗಿ ಹೊಸ ರೂಪಕ್ಕೆ ತಿರುಗುತ್ತಿವೆ. ಅವುಗಳ ಎಂಜಿನ್ ತಂತ್ರಗಳನ್ನು ನಾನು ತೂಗುವುದು ಈ ಲೆಕ್ಕ ಇಟ್ಟುಕೊಂಡೇ.

ನಮ್ಮಲ್ಲಿ ಪಿಕಪ್ ಅಂದರೆ ಎಪಿಎಂಸಿ ಗೇಟಿನಲ್ಲಿ ಟೊಮೇಟೊ ಕ್ರೇಟ್ ಹೇರಿಕೊಂಡು ನಿಂತ ಬೊಲೆರೊ. ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈಲಕ್ಸ್ ನಮ್ಮ ರಸ್ತೆಗೆ ಆನೆಯಂತೆ ಕಂಡರೂ ಅಮೆರಿಕದ ಅಳತೆಯಲ್ಲಿ ಮಧ್ಯಮ ಗಾತ್ರದ್ದು. ಅವರು ಫುಲ್ ಸೈಜ್ ಅನ್ನುವುದು ಫೋರ್ಡ್ ಎಫ್-150, ಶೆವ್ರೊಲೆ ಸಿಲ್ವರಾಡೊ, ಅದರ ಜೋಡಿ ಜಿಎಂಸಿ ಸಿಯೆರಾ, ರಾಮ್ 1500, ಟೊಯೋಟಾ ಟಂಡ್ರಾಗಳನ್ನು. ನಾಲ್ಕು ಬಾಗಿಲಿನ ಎಫ್-150 ಸುಮಾರು 5.9 ಮೀಟರ್ ಉದ್ದ, ಕನ್ನಡಿ ಬಿಟ್ಟೇ ಎರಡು ಮೀಟರ್ ಅಗಲ. ಫೋರ್ಡ್ ಕಂಪನಿ 1925ರಲ್ಲಿ ಮಾಡೆಲ್ ಟಿ ಕಾರಿನ ಬೆನ್ನಿಗೆ ಪೆಟ್ಟಿಗೆ ಕೂರಿಸಿ 281 ಡಾಲರಿಗೆ ಮಾರಿದ ಬಂಡಿಯ ವಂಶ ಇದು. ಇವತ್ತು ಫೋರ್ಡ್‌ನ ಎಫ್ ಸರಣಿಯೊಂದೇ ಅಮೆರಿಕದಲ್ಲಿ ವರ್ಷಕ್ಕೆ ಏಳು ಲಕ್ಷಕ್ಕೂ ಹೆಚ್ಚು ಬಿಕರಿಯಾಗುತ್ತದೆ. ಅಷ್ಟು ಗಾಡಿಗಳಲ್ಲಿ ಲೀಟರಿಗೆ ಒಂದು ಕಿಲೋಮೀಟರ್ ಹೆಚ್ಚಿದರೂ ಅದು ದೊಡ್ಡ ಸುದ್ದಿ.

ನಾವು ಪೆಟ್ರೋಲ್ ತುಂಬಿಸಿದ ಜಾನ್ಸನ್ ಸಿಟಿ, ಅಧ್ಯಕ್ಷ ಲಿಂಡನ್ ಜಾನ್ಸನ್ ಬೆಳೆದ ಊರು. ಯುರೋಪು ಅಮೆರಿಕದ ಕೋಳಿಮಾಂಸಕ್ಕೆ ಸುಂಕ ಹೇರಿದ್ದಕ್ಕೆ ಪ್ರತಿಯಾಗಿ 1963ರ ಡಿಸೆಂಬರ್‌ನಲ್ಲಿ ಹೊರದೇಶದ ಲಘು ಟ್ರಕ್ಕುಗಳ ಮೇಲೆ ಶೇ 25 ಸುಂಕ ಹಾಕಿದವರು ಇವರೇ. ಕೋಳಿ ಜಗಳ ಎಂದೋ ಮರೆತುಹೋಯಿತು, ಸುಂಕ ಮಾತ್ರ ಉಳಿಯಿತು. ದೊಡ್ಡ ಪಿಕಪ್ ಅಮೆರಿಕದ ಕಂಪನಿಗಳ ಕೋಟೆಯಾಗಿಯೇ ಉಳಿಯಲು ಅದೊಂದು ಮುಖ್ಯ ಕಾರಣ. ಟೊಯೋಟಾ ಕೂಡ ಟಂಡ್ರಾವನ್ನು ಇದೇ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲೇ ಕಟ್ಟುತ್ತದೆ.

ಖಾಲಿ ಓಟದಲ್ಲಿ ಪೆಟ್ರೋಲ್ ಎಲ್ಲಿ ಸೋರುತ್ತದೆ? ಸಮತಟ್ಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವ ಗಾಡಿಗೆ ಬೇಕಾದ ಶಕ್ತಿ ತೀರ ಕಡಿಮೆ. ಆದರೆ ಬಾನೆಟ್ ಕೆಳಗೆ ಕೂತಿರುವುದು ಮೂರು ನಾಲ್ಕು ಟನ್ ಎಳೆಯಬಲ್ಲ ಎಂಜಿನ್. ಆಕ್ಸಿಲರೇಟರ್ ಮೇಲೆ ಕಾಲು ಹಗುರಾದಾಗ ಗಾಳಿ ಒಳಬರುವ ಬಾಯಿ ಬಹುಪಾಲು ಮುಚ್ಚಿರುತ್ತದೆ. ಪಿಸ್ಟನ್‌ಗಳು ಆ ಸಣ್ಣ ಸಂದಿಯಿಂದ ಗಾಳಿ ಹೀರಲು ಒದ್ದಾಡುತ್ತವೆ. ಮೂಗು ಹಿಡಿದುಕೊಂಡು ನಡೆದ ಹಾಗೆ, ದುಡಿಮೆಯ ಶಕ್ತಿಯಲ್ಲಿ ಒಂದು ಪಾಲು ಉಸಿರಿಗೇ ಖರ್ಚು. ಎಂಟು ಸಿಲಿಂಡರುಗಳೆಂಬ ಎಂಟು ಎತ್ತುಗಳಲ್ಲಿ ನಾಲ್ಕಕ್ಕೆ ವಿಶ್ರಾಂತಿ ಕೊಟ್ಟು ಉಳಿದ ನಾಲ್ಕನ್ನು ಮೈಬಗ್ಗಿಸಿ ದುಡಿಸಿದರೆ? ಆಗ ಬಾಯಿ ಅಗಲ ತೆರೆಯುತ್ತದೆ, ಉಸಿರು ಸಲೀಸಾಗುತ್ತದೆ.

ಈ ಆಲೋಚನೆ ಹಳೆಯದು. 1981ರಲ್ಲಿ ಕ್ಯಾಡಿಲಾಕ್ ಎಂಟು, ಆರು, ನಾಲ್ಕು ಸಿಲಿಂಡರುಗಳ ನಡುವೆ ಬದಲಾಗುವ ವಿ8 ತಂದಿತು. ಅಂದಿನ ಕಂಪ್ಯೂಟರಿಗೆ ಅಷ್ಟು ಬೇಗ ಯೋಚಿಸುವ ತಾಕತ್ತಿರಲಿಲ್ಲ. ಗಾಡಿ ಮುಗ್ಗರಿಸುತ್ತಿತ್ತು, ಕೊಂಡವರು ವ್ಯವಸ್ಥೆಯನ್ನೇ ಕಳಚಿಹಾಕಿಸಿದರು. ಅದು ತಲೆಯೆತ್ತಿ ನಡೆಯಲು ದಶಕಗಳೇ ಬೇಕಾದವು. ಕ್ಯಾಲಿಫೋರ್ನಿಯಾದ ಟ್ಯೂಲಾ ಎಂಬ ಕಂಪನಿಯ ಜೊತೆ ಜನರಲ್ ಮೋಟರ್ಸ್ ಬೆಳೆಸಿದ ತಂತ್ರ 2019ರ ಸಿಲ್ವರಾಡೊದಲ್ಲಿ ಬಂತು. ಇಲ್ಲಿ ನಾಲ್ಕೋ ಎಂಟೋ ಎಂಬ ಎರಡೇ ಮೆಟ್ಟಿಲಿಲ್ಲ. ಎಷ್ಟು ಸಿಲಿಂಡರ್ ಬೇಕು ಎಂದು ಕಂಪ್ಯೂಟರ್ ಸೆಕೆಂಡಿಗೆ 80 ಸಲ ಲೆಕ್ಕ ಹಾಕಿ, 17 ಬಗೆಯ ಜೋಡಣೆಗಳಲ್ಲಿ ಒಂದನ್ನು ಆರಿಸುತ್ತದೆ. ರಜೆ ಪಡೆದ ಸಿಲಿಂಡರಿನ ವಾಲ್ವುಗಳು ಮುಚ್ಚಿಕೊಳ್ಳುತ್ತವೆ. ಒಳಗೆ ಸಿಕ್ಕಿಬಿದ್ದ ಗಾಳಿ ಸ್ಪ್ರಿಂಗಿನಂತೆ ಕುಗ್ಗಿ ಹಿಗ್ಗುತ್ತ ಪಿಸ್ಟನ್ ಜೊತೆ ಏರಿಳಿಯುತ್ತದೆ.

ಅಕ್ಕನ ಮಗನ ನೆರೆಮನೆಯವರ ಬಳಿ ಈ ಎಂಜಿನ್ ಇರುವ ಗಾಡಿಯಿತ್ತು. ಒಂದು ಸಂಜೆ ಅದರಲ್ಲಿ ಕೂತು ಕಣ್ಣುಮುಚ್ಚಿ, ಅಂಗೈಯನ್ನು ಬಾಗಿಲಿನ ಕೆಳಭಾಗಕ್ಕೆ ಒತ್ತಿಕೊಂಡು, ಯಾವಾಗ ಸಿಲಿಂಡರ್ ಬಿಟ್ಟಿತು, ಯಾವಾಗ ಸೇರಿಸಿಕೊಂಡಿತು ಎಂದು ಪತ್ತೆಮಾಡಲು ಹೊರಟೆ. ಇಪ್ಪತ್ತು ನಿಮಿಷದಲ್ಲಿ ಎರಡೇ ಸಲ, ಇಳಿಜಾರಿನಲ್ಲಿ, ಸೈಲೆನ್ಸರಿನಿಂದ ತಗ್ಗಿದ ಗುಂಯ್‌ಗುಡುವಿಕೆ ಬಂದಂತಾಯಿತು. ಉಳಿದಂತೆ ಏನೂ ತಿಳಿಯಲಿಲ್ಲ. ಎಂಜಿನ್ ಸದ್ದು ಕೇಳಿ ಕಾಯಿಲೆ ಹೇಳುವ ಮೆಕ್ಯಾನಿಕ್‌ಗಳ ನಡುವೆ ಬೆಳೆದವನು ನಾನು. ಆ ನಯಗಾರಿಕೆಗೆ ಮನಸಾರೆ ತಲೆಬಾಗಿದೆ.

ಇನ್ನೊಂದು ದಾರಿ ಎಂಜಿನ್ನನ್ನೇ ಚಿಕ್ಕದು ಮಾಡಿ ಟರ್ಬೊ ಕೂರಿಸುವುದು. ಫೋರ್ಡ್ 2011ರಲ್ಲಿ 3.5 ಲೀಟರ್ ಇಕೋಬೂಸ್ಟ್ ವಿ6ನಿಂದ ಇದನ್ನು ಪಿಕಪ್‌ಗೆ ತಂದಿತು. ಟಂಡ್ರಾ 2022ರಲ್ಲಿ ವಿ8 ಬಿಟ್ಟು ಅವಳಿ ಟರ್ಬೊ ವಿ6ಗೆ ಬಂತು. ಟರ್ಬೊ ಎಂಜಿನ್ ಹಗುರ ಕಾಲಿಗೆ ಉಳಿಸುತ್ತದೆ, ಲೋಡ್ ಬಿದ್ದಾಗ ಬಡ್ಡಿ ಸಮೇತ ವಸೂಲಿ ಮಾಡುತ್ತದೆ ಎಂಬ ದೂರಿದೆ. ಅಕ್ಕನ ಮಗನ ಟರ್ಬೊ ಗಾಡಿಯಲ್ಲಿ ನಾನು ಕಂಡ 9 ಅದಕ್ಕೆ ಸಾಕ್ಷಿ. ಆದರೆ ಮೇಲಿನ ಲೆಕ್ಕ ಹಾಕಿದ ಮೇಲೆ ಆ ದೂರಿಗೆ ಅಷ್ಟು ತೂಕ ಕೊಡಲು ನನಗೆ ಮನಸ್ಸಿಲ್ಲ.

ಇನ್ನು ಮೈತೂಕ. 2015ರ ಎಫ್-150ಗೆ ಉಕ್ಕಿನ ಬದಲು ಅಲ್ಯೂಮಿನಿಯಂ ಮೈ ತೊಡಿಸಿ ಫೋರ್ಡ್ 300 ಕಿಲೋಗಿಂತ ಹೆಚ್ಚು ತೂಕ ಇಳಿಸಿತು. ಅತಿ ಹೆಚ್ಚು ಮಾರಾಟವಾಗುವ ಗಾಡಿಯ ಮೇಲೆ ಅಂಥ ಪಂಥ ಕಟ್ಟಲು ಗಟ್ಟಿ ಗುಂಡಿಗೆ ಬೇಕು. 2025ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಆಸ್ವೀಗೊದಲ್ಲಿ ಅಲ್ಯೂಮಿನಿಯಂ ಹಾಳೆ ಮಾಡುವ ನೊವೆಲಿಸ್ ಕಾರ್ಖಾನೆಗೆ ಬೆಂಕಿ ಬಿದ್ದಾಗ ಎಫ್-150 ಉತ್ಪಾದನೆಯೇ ಕುಂಟಿತು. ಹಗುರ ಮೈಯ ಬೆಲೆ ಅಂಥ ದಿನ ತಿಳಿಯುತ್ತದೆ. ಗಾಳಿಯ ವಿಷಯಕ್ಕೆ ಬಂದರೆ ಒಂದೇ ಮಾತು: ಹಿಂದಿನ ಟೇಲ್‌ಗೇಟ್ ಇಳಿಸಿಕೊಂಡು ಓಡಿಸಿದರೆ ಗಾಳಿ ಸಲೀಸಾಗಿ ಹೋಗಿ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ಅಲ್ಲೂ ಇದೆ, ನಮ್ಮ ಪಿಕಪ್ ಚಾಲಕರಲ್ಲೂ ಇದೆ. ಅದು ನಿಜವಲ್ಲ. ಗೇಟ್ ಮುಚ್ಚಿದ್ದರೆ ಹಿಂದಿನ ಪೆಟ್ಟಿಗೆಯೊಳಗೆ ಗಾಳಿ ಸುತ್ತಿಕೊಂಡು ಮೆತ್ತೆಯಂತೆ ನಿಲ್ಲುತ್ತದೆ, ಮೇಲಿನ ಗಾಳಿ ಅದರ ಮೇಲೆ ಜಾರಿ ಹೋಗುತ್ತದೆ.

ಈ ನಡುವೆ ವಿ8 ಮರಳಿ ಬರುತ್ತಿದೆ. ರಾಮ್ 2025ಕ್ಕೆ ಹೆಮಿ ವಿ8 ಕೈಬಿಟ್ಟು ಸಾಲಾಗಿ ಆರು ಸಿಲಿಂಡರಿನ ಹರಿಕೇನ್ ಟರ್ಬೊ ಎಂಜಿನ್ ಹಾಕಿತ್ತು. ಗಿರಾಕಿಗಳು ಮುನಿಸಿಕೊಂಡರು. 2026ರ ಮಾದರಿಗೆ ಹೆಮಿ ಮತ್ತೆ ಬಂತು, ಪಕ್ಕದಲ್ಲಿ ಪ್ರತಿಭಟನೆಯ ಲಾಂಛನದೊಂದಿಗೆ. ಜನರಲ್ ಮೋಟರ್ಸ್ ತನ್ನ ಆರನೇ ಪೀಳಿಗೆಯ ವಿ8ಗಾಗಿ ಬಫಲೋ ಬಳಿಯ ಟಾನವಾಂಡ ಕಾರ್ಖಾನೆಯಲ್ಲಿ 88.8 ಕೋಟಿ ಡಾಲರ್ ಹೂಡುವುದಾಗಿ 2025ರ ಮೇ ತಿಂಗಳಲ್ಲಿ ಹೇಳಿತು. ತಯಾರಿ 2027ರಿಂದ, ಹೊಸ ರೂಪದ ಪಿಕಪ್‌ಗಳಿಗೆ. 1973ರ ತೈಲ ಬಿಕ್ಕಟ್ಟಿನ ನಂತರ, 1975ರಲ್ಲಿ ಬಂದ ಮೈಲೇಜು ಕಾನೂನು ಅಲ್ಲಿ ಈಗಲೂ ಇದೆ. ಆದರೆ ಮೀರಿದ ಕಂಪನಿಗೆ ವಿಧಿಸುತ್ತಿದ್ದ ದಂಡವನ್ನು 2025ರ ಜುಲೈಯಲ್ಲಿ ಸೊನ್ನೆಗೆ ಇಳಿಸಲಾಯಿತು. ಇದು ನನಗೆ ನೋವು ತರುವ ಸಂಗತಿ. ಸೆಕೆಂಡಿಗೆ 80 ಸಲ ಯೋಚಿಸುವ ಎಂಜಿನ್ ಹುಟ್ಟಿದ್ದರ ಹಿಂದೆ ಆ ಕಾನೂನಿನ ಒತ್ತಡವೂ ಇತ್ತು.

ಉಳಿತಾಯದ ಪೈಪೋಟಿಯಲ್ಲಿ ಎಂಜಿನ್ನಿನ ಒಳಗೆ ಬಿಡುವು ಎಷ್ಟು ಕಿರಿದಾಗಿದೆ ಎನ್ನುವುದೂ ಕಂಡಿದೆ. ಕ್ರ್ಯಾಂಕ್ ಶಾಫ್ಟ್ ಮತ್ತು ಕನೆಕ್ಟಿಂಗ್ ರಾಡ್ ತಯಾರಿಕೆಯ ದೋಷದಿಂದಾಗಿ 6.2 ಲೀಟರ್ ವಿ8 ಇರುವ ಸುಮಾರು ಆರು ಲಕ್ಷ ಗಾಡಿಗಳನ್ನು ಜನರಲ್ ಮೋಟರ್ಸ್ 2025ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ವಾಪಸ್ ಕರೆಯಿತು. ತಪಾಸಣೆಯಲ್ಲಿ ಪಾಸಾದವಕ್ಕೆ ಮಾಡಿದ ಚಿಕಿತ್ಸೆ ಏನೆಂದರೆ, ತೆಳ್ಳಗಿನ 0ಡಬ್ಲ್ಯು-20 ಆಯಿಲ್ ತೆಗೆದು ದಪ್ಪನೆಯ 0ಡಬ್ಲ್ಯು-40 ಹಾಕುವುದು. ತೆಳು ಆಯಿಲ್‌ನಲ್ಲಿ ಘರ್ಷಣೆ ಕಡಿಮೆ, ಮೈಲೇಜು ತುಸು ಹೆಚ್ಚು. ಆದರೆ ಬೇರಿಂಗನ್ನು ಕಾಯುವ ಎಣ್ಣೆಪೊರೆಯೂ ತೆಳು.

ಹೈಬ್ರಿಡ್‌ಗೆ ಅಮೆರಿಕದ ಪಿಕಪ್ ಜನರ ಮನಸ್ಸು ತೆರೆದ ಘಟನೆ ಇದೇ ಟೆಕ್ಸಾಸ್‌ನಲ್ಲಿ ನಡೆಯಿತು. 2021ರ ಫೆಬ್ರವರಿಯ ಹಿಮಗಾಳಿಗೆ ರಾಜ್ಯದ ಕರೆಂಟು ದಿನಗಟ್ಟಲೆ ಹೋದಾಗ, ಆಗಷ್ಟೇ ಬಂದಿದ್ದ ಹೈಬ್ರಿಡ್ ಎಫ್-150 ಕೊಂಡವರು ಅದರ ಹಿಂದಿನ ಪ್ಲಗ್ಗಿಗೆ ವೈರು ಎಳೆದು ಮನೆಯ ಹೀಟರ್ ಉರಿಸಿಕೊಂಡರು. 7.2 ಕಿಲೋವಾಟ್‌ವರೆಗೆ ಕೊಡಬಲ್ಲ ಪ್ಲಗ್ಗುಗಳು ಅವು. ಮಾರಾಟಕ್ಕೆ ನಿಲ್ಲಿಸಿದ್ದ ಗಾಡಿಗಳನ್ನೂ ಜನರಿಗೆ ಎರವಲು ಕೊಡಿ ಎಂದು ಫೋರ್ಡ್ ತನ್ನ ಡೀಲರುಗಳನ್ನು ಕೇಳಿಕೊಂಡಿತು. ಮೈಲೇಜು ಪಟ್ಟಿ ಒಲಿಸದವರನ್ನು ಬೆಚ್ಚಗಿನ ಕೋಣೆ ಒಲಿಸಿತು.

ನಾನು ಎದುರು ನೋಡುತ್ತಿರುವುದು ಇದರ ಮುಂದಿನ ಹೆಜ್ಜೆಯನ್ನು. ರಾಮ್ ಪ್ರಕಟಿಸಿರುವ ಹೊಸ 1500 ಮಾದರಿಯೊಂದರಲ್ಲಿ 3.6 ಲೀಟರ್ ವಿ6 ಇದೆ, ಆದರೆ ಅದು ಚಕ್ರವನ್ನು ಮುಟ್ಟುವುದೇ ಇಲ್ಲ. ಅದರ ಕೆಲಸ 130 ಕಿಲೋವಾಟ್ ಜನರೇಟರ್ ತಿರುಗಿಸುವುದು. ಚಕ್ರ ತಿರುಗಿಸುವುದು ಮೋಟರು. 92 ಕಿಲೋವಾಟ್-ಅವರ್ ಬ್ಯಾಟರಿಯಲ್ಲೇ ಸುಮಾರು 230 ಕಿಲೋಮೀಟರ್, ಪೆಟ್ರೋಲ್ ಸೇರಿ 1,100 ಎಂಬುದು ಕಂಪನಿಯ ಮಾತು. ಪೂರ್ತಿ ಬ್ಯಾಟರಿಯ ಎಫ್-150 ಲೈಟ್ನಿಂಗ್ ನಿಲ್ಲಿಸಿ ಮುಂದಿನದನ್ನು ಇದೇ ಬಗೆಯಲ್ಲಿ ಕಟ್ಟುವುದಾಗಿ 2025ರ ಡಿಸೆಂಬರ್‌ನಲ್ಲಿ ಫೋರ್ಡ್ ಕೂಡ ಹೇಳಿತು. ನಮ್ಮವರಿಗೆ ಈ ವ್ಯವಸ್ಥೆ ಹೊಸದಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ವರ್ಷಗಟ್ಟಲೆ ರೈಲು ಎಳೆದ ಡೀಸೆಲ್ ಎಂಜಿನ್ನಿನ ಒಳಗೂ ಇದೇ: ಡೀಸೆಲ್ ಕರೆಂಟು ಮಾಡುತ್ತದೆ, ಗಾಲಿ ತಿರುಗಿಸುವುದು ಮೋಟರು.

ಇಂಥ ಪಿಕಪ್ ಇದ್ದರೆ ಆಫೀಸು, ಶಾಲೆ, ತರಕಾರಿಯ ಆ 17,500 ಕಿಲೋಮೀಟರಿನ ಬಹುಪಾಲು ಮನೆಯ ಪ್ಲಗ್ಗಿನಲ್ಲೇ ಮುಗಿಯುತ್ತದೆ. ಟ್ರೇಲರ್ ಕಟ್ಟಿ ದೂರ ಹೊರಟ ದಿನಕ್ಕೆ ಟ್ಯಾಂಕಿನಲ್ಲಿ ಪೆಟ್ರೋಲ್ ಇರುತ್ತದೆ. ಅಕ್ಕನ ಮಗನಿಗೂ ಅದನ್ನೇ ಹೇಳಿದೆ, ಎರಡು ವರ್ಷ ಕಾಯಲು ಆದರೆ ಕಾಯಿ ಎಂದು. “ಏರಿನಲ್ಲಿ ಬ್ಯಾಟರಿ ಮುಗಿದ್ರೆ, ಮಾವ?” ಎಂದು ಕೇಳಿದ.

ಸರಿಯಾದ ಪ್ರಶ್ನೆ. ಗಾಡಿ, ಟ್ರೇಲರ್ ಸೇರಿ ಏಳು ಟನ್ ಎಂದಿಟ್ಟುಕೊಳ್ಳಿ. ನೂರಕ್ಕೆ ಆರರಷ್ಟು ಏರಿನಲ್ಲಿ ಗಂಟೆಗೆ 90 ಕಿಲೋಮೀಟರಿನಂತೆ ಹತ್ತಲು ತೂಕ ಎತ್ತುವುದಕ್ಕೇ ನೂರು ಕಿಲೋವಾಟ್ ಬೇಕು, ಗಾಳಿ ಸೀಳುವುದಕ್ಕೆ ಮತ್ತಷ್ಟು. 130ರ ಜನರೇಟರ್ ಆಗ ಹಿಂದೆ ಬೀಳುತ್ತದೆ, ಕೊರತೆಯನ್ನು ಬ್ಯಾಟರಿ ತುಂಬಿಕೊಡಬೇಕು. 290ರ ದಿಣ್ಣೆಗಳು ಚಿಕ್ಕವು, ಅಲ್ಲಿ ತೊಂದರೆಯಿಲ್ಲ. ಕೊಲರಾಡೊದಲ್ಲಿ ಐ-70 ಹೆದ್ದಾರಿ ಸುಮಾರು 3,400 ಮೀಟರ್ ಎತ್ತರದ ಐಸೆನ್‌ಹೋವರ್ ಸುರಂಗಕ್ಕೆ ಹತ್ತುವ ದಾರಿ ಉದ್ದವಾದದ್ದು. ಅರ್ಧ ಬ್ಯಾಟರಿ, ತುಂಬಿದ ಟ್ರೇಲರ್ ಇಟ್ಟುಕೊಂಡು ಈ ಗಾಡಿ ಆ ಸುರಂಗದ ಬಾಯಿ ಮುಟ್ಟುವಾಗ ಎಷ್ಟು ಉಳಿಸಿಕೊಂಡಿರುತ್ತದೆ ಎಂಬ ನಂಬರನ್ನು ನಾನು ಪಕ್ಕದ ಸೀಟಿನಲ್ಲಿ ಕೂತು ನೋಡಬೇಕು.