ಖಾನೆ ಹಲವಿರಲಿ, ಬಾಗಿಲು ಒಂದೇ ಇರಲಿ

ಸವಣೂರಿನ ಪೇಟೆಯಲ್ಲಿ ಬಗಲಿಗೆ ಹಾಕಿಕೊಳ್ಳುವ ಬ್ಯಾಗು ಕೇಳಿದರೆ ಅಂಗಡಿಯವರು ಮೊದಲು ಒಪ್ಪಿಸುವುದು ಖಾನೆಗಳ ಲೆಕ್ಕ. "ಐದು ಚೈನ್ ಅದಾವ ನೋಡ್ರಿ ಅಕ್ಕಾರ, ಒಳಗ ಮತ್ತ ಎರಡು ಕಿಸೆ" ಎಂದು ಒಂದೊಂದನ್ನೇ ಎಳೆದು ತೋರಿಸುತ್ತಾರೆ. ಕೊಳ್ಳುವವರ ನಂಬಿಕೆಯೂ ಅದೇ. ಖಾನೆ ಹೆಚ್ಚಿದ್ದಷ್ಟೂ ಸಾಮಾನು ಅಚ್ಚುಕಟ್ಟು, ಚೈನು ಹೆಚ್ಚಿದ್ದಷ್ಟೂ ಭದ್ರ. ಹುಬ್ಬಳ್ಳಿಯ ದೊಡ್ಡ ಅಂಗಡಿಗೆ ಹೋದರೂ, ಮೊಬೈಲಿನಲ್ಲಿ ಆರ್ಡರ್ ಮಾಡಲು ಕುಳಿತರೂ ಇದೇ ಮಾತು ಎದುರಾಗುತ್ತದೆ. ಈ ಮಾತು ತಪ್ಪು. ದಿನಬಳಕೆಯ ಚೀಲದ ಅಚ್ಚುಕಟ್ಟು ಅಂಗಡಿಯ ಗಾಜಿನ ಮೇಜಿನ ಮೇಲೆ ಗೊತ್ತಾಗುವುದಿಲ್ಲ. ಅದನ್ನು ಬಸ್ಸಿನೊಳಗೆ, ಒಂದು ಕೈ ಸರಳನ್ನು ಹಿಡಿದಿರುವಾಗ ನೋಡಬೇಕು. ಅಲ್ಲಿ ಐದು ಚೈನಿನ ಬ್ಯಾಗು ಸೋಲುತ್ತದೆ.

ಬಸ್ಸಿನ ಮಾತು ಸುಮ್ಮನೆ ಎತ್ತಿದ್ದಲ್ಲ. ಸವಣೂರು ಪಟ್ಟಣಕ್ಕೆ ರೈಲಿಲ್ಲ, ರೈಲು ಬೇಕೆಂದರೆ ಯಲವಿಗಿಗೆ ಹೋಗಬೇಕು. ಹಾವೇರಿಯ ಕಚೇರಿ, ಹುಬ್ಬಳ್ಳಿಯ ಆಸ್ಪತ್ರೆ, ಶಿಗ್ಗಾಂವಿಯ ನೆಂಟರ ಮನೆ, ಎಲ್ಲಕ್ಕೂ ವಾಯವ್ಯ ಸಾರಿಗೆಯ ಬಸ್ಸೇ ಗತಿ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಅವರ ಚೀಲದ ಕೆಲಸವೇ ಬದಲಾಯಿತು. ಮೊದಲು ರೊಕ್ಕ ಕೊಟ್ಟರೆ ಮುಗಿಯುತ್ತಿತ್ತು. ಆ ರೊಕ್ಕವನ್ನು ಸೆರಗಿನ ತುದಿಗೆ ಕಟ್ಟಿಕೊಂಡೋ ಮುಷ್ಟಿಯಲ್ಲಿ ಹಿಡಿದೋ ಬರಬಹುದಿತ್ತು. ಈಗ ಪ್ರತಿ ಸಲ ಗುರುತಿನ ಚೀಟಿ ತೆಗೆಯಬೇಕು, ತೋರಿಸಬೇಕು, ತಿರುಗಿ ಇಡಬೇಕು. ಶೂನ್ಯ ದರದ ಟಿಕೆಟ್ ಇಸಿದುಕೊಂಡು, ತಪಾಸಣೆಯವರು ಹತ್ತಿದರೆ ತಟ್ಟನೆ ಸಿಗುವಂತೆ ಅದನ್ನೂ ಇಡಬೇಕು. ಒಂದು ಪ್ರಯಾಣಕ್ಕೆ ಚೀಲ ಕಡಿಮೆಯೆಂದರೂ ಎರಡು ಸಲ ತೆರೆದು ಮುಚ್ಚಬೇಕು. ಬಸ್ಸು ಬದಲಿಸಿದರೆ ಎಲ್ಲ ಮೊದಲಿನಿಂದ.

ಆ ಹೊತ್ತಿನಲ್ಲಿ ಕೈ ಏನು ಮಾಡುತ್ತದೆ ಎಂದು ನಿಧಾನವಾಗಿ ನೋಡಿ. ಬಸ್ಸು ತುಂಬಿದೆ, ಹೆಣ್ಣುಮಗಳೊಬ್ಬಳು ನಿಂತಿದ್ದಾಳೆ. ಎಡಗೈ ಮೇಲಿನ ಸರಳಿನಲ್ಲಿದೆ, ಇಲ್ಲವೇ ಕಂಕುಳಲ್ಲಿ ಕೂಸಿದೆ. "ಅವ್ವಾರ, ಕಾರ್ಡ್ ತೋರಸ್ರಿ" ಎಂಬ ದನಿ ಹತ್ತಿರ ಬರುತ್ತದೆ. ಬಲಗೈ ಮುಂದಿನ ಚೈನನ್ನು ಎಳೆಯುತ್ತದೆ. ಬ್ಯಾಗನ್ನು ಹಿಡಿದುಕೊಳ್ಳಲು ಇನ್ನೊಂದು ಕೈ ಇಲ್ಲದ್ದರಿಂದ ಚೈನು ಸರಿಯುವ ಬದಲು ಬ್ಯಾಗೇ ಸರಿಯುತ್ತದೆ. ಹೇಗೋ ತೆರೆದರೆ ಅಲ್ಲಿ ಬಾಚಣಿಗೆ. ಎರಡನೆಯದರಲ್ಲಿ ಹಳೆಯ ಔಷಧದ ಚೀಟಿ. ಮೂರನೆಯದರಲ್ಲಿ ಆಧಾರ್ ಸಿಕ್ಕಿತು, ಆದರೆ ಎಟಿಎಂ ಕಾರ್ಡಿನ ಅಳತೆಗೆ ಹೊಲಿದ ಸೀಳುಕಿಸೆಯಲ್ಲಿ ಬಿಗಿದು ಕೂತಿದೆ. ಎಟಿಎಂ ಕಾರ್ಡಿನ ಅಗಲ ಸುಮಾರು 8.6 ಸೆಂಟಿಮೀಟರ್, ಎತ್ತರ 5.4. ನಮ್ಮ ಕಡೆ ಬಹಳ ಜನರ ಹತ್ತಿರ ಇರುವುದು ಕಾಗದದ ಆಧಾರನ್ನು ಕತ್ತರಿಸಿ ಲ್ಯಾಮಿನೇಷನ್ ಮಾಡಿಸಿದ್ದು. ನಾಲ್ಕೂ ಅಂಚಿನಲ್ಲಿ ಪ್ಲಾಸ್ಟಿಕ್ ಹೊರಚಾಚಿರುತ್ತದೆ. ಒತ್ತಿ ತುರುಕಿದರೆ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಕೊನೆಗೆ ಆಕೆ ಸರಳು ಬಿಟ್ಟು ಎರಡೂ ಕೈಯಿಂದ ಕೀಳುತ್ತಾಳೆ. ಅಷ್ಟರಲ್ಲಿ ಬಸ್ಸು ತಿರುವಿನಲ್ಲಿ ವಾಲುತ್ತದೆ. ಇಷ್ಟೆಲ್ಲ ಆದಮೇಲೆ ಟಿಕೆಟನ್ನು ಯಾವ ಖಾನೆಯಲ್ಲಿ ಇಟ್ಟೆ ಎಂಬ ನೆನಪು ಉಳಿದಿರುವುದಿಲ್ಲ.

ಇದನ್ನು ಆ ಹೆಣ್ಣುಮಗಳ ಗಡಿಬಿಡಿ ಎಂದು ತಳ್ಳಿಹಾಕುವವರಿದ್ದಾರೆ. ಅವರ ಮಾತು ಅನ್ಯಾಯದ್ದು. ಪ್ರತಿಯೊಂದು ಕೋಣೆಗೂ ಹೊರಗಿನಿಂದ ಬೇರೆ ಬೇರೆ ಬಾಗಿಲಿಟ್ಟ ಮನೆಯಲ್ಲಿ ಯಾರೇ ಆದರೂ ಅಂಗಳಕ್ಕೆ ಇಳಿದಿಳಿದು ಹುಡುಕಲೇಬೇಕು. ಕೋಣೆ ಹಲವಿದ್ದರೆ ತೊಂದರೆಯಿಲ್ಲ, ತಲೆಬಾಗಿಲು ಒಂದಿದ್ದು ಒಳಗೆ ಬಂದವರಿಗೆ ಎಲ್ಲ ಕೋಣೆಗಳೂ ಕಾಣುತ್ತಿದ್ದರೆ ಸಾಕು.

ಇದಕ್ಕೆ ಒಳ್ಳೆಯ ಉದಾಹರಣೆ ಅದೇ ಬಸ್ಸಿನಲ್ಲಿ, ಆಕೆಯ ಎದುರಿಗೇ ನಿಂತಿದೆ. ಅದು ಕಂಡಕ್ಟರನ ಚರ್ಮದ ಚೀಲ. ಪಟ್ಟಿ ಹೆಗಲಿನಿಂದ ಓರೆಯಾಗಿ ಇಳಿದು ಚೀಲ ಸೊಂಟದ ಮುಂದಕ್ಕೆ ಬರುತ್ತದೆ. ಬಾಯಿ ಮೇಲ್ಮುಖ. ನೋಟು ಒಂದು ಕಡೆ, ಚಿಲ್ಲರೆ ಒಂದು ಕಡೆ. ಮುಚ್ಚಳ ಎತ್ತಿದರೆ ಎರಡೂ ಒಟ್ಟಿಗೆ ಕೈಗೆ ಸಿಗುತ್ತವೆ. ಕಂಡಕ್ಟರ್ ಆ ಕಡೆ ನೋಡುವುದೇ ಇಲ್ಲ, ಬೆರಳಿಗೇ ಜಾಗ ಗೊತ್ತು. ಟಿಕೆಟ್ ಯಂತ್ರ ಬಂತು, ಯುಪಿಐ ಬಂತು, ಚೀಲದ ಮೂಲ ಕಟ್ಟು ಬದಲಾಗಲಿಲ್ಲ. ದಿನವಿಡೀ ಓಲಾಡುವ ಬಸ್ಸಿನಲ್ಲಿ ನಿಂತು ನೂರಾರು ಸಲ ತೆಗೆದು ಇಡುವ ಕೆಲಸವೇ ಅದನ್ನು ಹಾಗೆ ರೂಪಿಸಿದೆ. ಅಂಗಡಿಯಲ್ಲಿ ಬ್ಯಾಗು ಆರಿಸುವಾಗ ನಮ್ಮ ಕಣ್ಣು ಇದರ ಕಡೆ ಹೋಗುವುದಿಲ್ಲ ಎಂಬುದು ನನಗೆ ನಿಜವಾಗಿ ಬೇಸರದ ಸಂಗತಿ.

ಇದಕ್ಕಿಂತ ಹಳೆಯ ಇನ್ನೊಂದು ಚೀಲವಿದೆ, ಮತ್ತು ಅದು ಸವಣೂರಿಗೆ ತೀರ ಹತ್ತಿರದ್ದು. ಸವಣೂರು ವೀಳ್ಯದೆಲೆಗೆ ಹೆಸರಾದ ಊರು. ಎಲೆ ಇದ್ದಲ್ಲಿ ಚಂಚಿ ಇರುತ್ತದೆ. ನಮ್ಮ ಕಡೆಯ ಮುದುಕರು, ಮುದುಕಿಯರು ಸೊಂಟಕ್ಕೆ ಸಿಗಿಸಿಕೊಳ್ಳುವ ಚಂಚಿಯನ್ನು ಒಮ್ಮೆ ಬಿಡಿಸಿ ನೋಡಬೇಕು. ಅಳಿದುಳಿದ ಬಟ್ಟೆಯ ತುಂಡುಗಳಲ್ಲಿ ಒಂದರ ಬೆನ್ನಿಗೊಂದು ಕಿಸೆ ಹೊಲಿದಿರುತ್ತಾರೆ. ಎಲೆ ನಲುಗಬಾರದೆಂದು ಅದಕ್ಕೆ ಅಗಲವಾದ ಕಿಸೆ. ಅಡಿಕೆಗೊಂದು, ತಂಬಾಕಿಗೊಂದು, ಸುಣ್ಣದ ಡಬ್ಬಿಗೊಂದು. ಅಡಕತ್ತರಿಗೂ ಜಾಗ, ನಾಲ್ಕು ಕಾಸಿಗೂ ಜಾಗ. ಕೆಲವು ಚಂಚಿಗಳ ಬಾಯಿಗೆ ಲಾಡಿ ಇರುತ್ತದೆ, ಕೆಲವನ್ನು ಮಡಚಿ ದಾರ ಸುತ್ತಿ ಕಟ್ಟುತ್ತಾರೆ. ಹೇಗೇ ಇರಲಿ, ಬಿಚ್ಚಬೇಕಾದದ್ದು ಒಂದೇ ಗಂಟು. ಬಿಚ್ಚಿದರೆ ಅಷ್ಟೂ ಕಿಸೆ ಕಣ್ಣೆದುರು. ಕತ್ತಲೆಯಲ್ಲಿ ಕಟ್ಟೆಯ ಮೇಲೆ ಮಾತಾಡುತ್ತ ಕೂತವರ ಬೆರಳು ತಂಬಾಕಿನ ಕಿಸೆಗೆ ಹೋಗಬೇಕಾದದ್ದು ಅಡಿಕೆಯ ಕಿಸೆಗೆ ಹೋಗುವುದಿಲ್ಲ.

ಇಂಥ ಎಲೆಯಡಿಕೆಯ ಚೀಲವನ್ನು ಅಚ್ಚುಕಟ್ಟಾಗಿ ಇಡುವುದು ಹಿಂದೆ ಅರಮನೆಯಲ್ಲಿ ಒಂದು ಹುದ್ದೆಯೇ ಆಗಿತ್ತು. 'ಹದಿಬದೆಯ ಧರ್ಮ' ಬರೆದ ಸಂಚಿಯ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ಅರಮನೆಯಲ್ಲಿ ರಾಣಿಯ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದವಳು. ಬೇಕೆಂದ ಕ್ಷಣಕ್ಕೆ ಬೇಕಾದದ್ದು ಕೈಗೆ ಬರಬೇಕು ಎಂಬುದೇ ಆ ಕೆಲಸದ ಕಸುಬುಗಾರಿಕೆ. ಇದನ್ನು ಸಣ್ಣ ಸಂಗತಿ ಎಂದು ನಮ್ಮ ಹಿರಿಯರು ಎಣಿಸಿರಲಿಲ್ಲ.

ಒಂದು ಆಕ್ಷೇಪ ಬರುತ್ತದೆ, ಅದು ಗಟ್ಟಿಯಾದ ಆಕ್ಷೇಪವೇ. ಬಾಗಿಲು ಒಂದೇ ಆದರೆ ಕಿಸೆಗಳ್ಳನಿಗೂ ಒಂದೇ ಸಲಕ್ಕೆ ಎಲ್ಲ ತೆರೆದುಕೊಳ್ಳುವುದಿಲ್ಲವೇ? ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿ ರೊಕ್ಕ ಹಿಡಿದು ಬರುವವರಿಗೆ ಈ ಭಯ ಸಹಜ. ಉತ್ತರ ಚೀಲದೊಳಗಿನ ಸಾಮಾನಿನಲ್ಲೇ ಇದೆ. ದಾರಿಯಲ್ಲಿ ತೆಗೆಯುವ ವಸ್ತುಗಳು ಬೇರೆ, ಮನೆ ಮುಟ್ಟುವವರೆಗೆ ತೆಗೆಯಲೇಬಾರದ ವಸ್ತುಗಳು ಬೇರೆ. ಗುರುತಿನ ಚೀಟಿ, ಟಿಕೆಟ್, ಚಿಲ್ಲರೆ, ಫೋನು ಮೊದಲನೆಯ ಗುಂಪು. ದೊಡ್ಡ ನೋಟು, ಮನೆಯ ಕೀಲಿ, ಪಾಸ್‌ಬುಕ್ಕು ಎರಡನೆಯದು. ಎರಡನೆಯ ಗುಂಪಿಗೆ ಚೀಲದ ಹಿಂಬದಿಯಲ್ಲಿ, ಮೈಗೆ ತಾಗುವ ಕಡೆ ಒಂದು ಚೈನಿನ ಕಿಸೆ ಇರಬೇಕು. ನಮ್ಮ ಅಜ್ಜಂದಿರ ಬನಿಯನ್ನಿನ ಒಳಕಿಸೆ ಮಾಡುತ್ತಿದ್ದ ಕೆಲಸವೇ ಅದು. ಅಲ್ಲಿಗೆ ಬಾಗಿಲು ಎರಡಾದವು, ಮೂರನೆಯದಕ್ಕೆ ನನಗೆ ಕಾರಣ ಕಾಣುವುದಿಲ್ಲ. ಐದು ಚೈನು ಕಳ್ಳನನ್ನು ತಡೆಯುತ್ತವೆ ಎಂಬ ನಂಬಿಕೆಯೂ ಪೊಳ್ಳು. ಹುಡುಕಾಟದ ಗಡಿಬಿಡಿಯಲ್ಲಿ ಅವುಗಳಲ್ಲಿ ಒಂದನ್ನು ಮುಚ್ಚುವುದು ಮರೆತೇ ಮರೆಯುತ್ತದೆ, ಕಳ್ಳನಿಗೆ ಒಂದು ಸಾಕು.

"ದೊಡ್ಡದು ಇರಲಿ ಬಿಡ್ರಿ, ಯಾವಾಗರ ಬೇಕಾಗತೈತಿ" ಎಂಬ ಮಾತು ಇನ್ನೊಂದು. ಊಟದ ಡಬ್ಬಿ, ನೀರಿನ ಬಾಟಲಿ, ಕೊಡೆ ಎಲ್ಲವೂ ಬಗಲಚೀಲದಲ್ಲೇ ಹಿಡಿಸಬೇಕೆಂಬ ಆಸೆ ಇದರ ಹಿಂದಿದೆ. ಒಂದು ಲೀಟರ್ ನೀರೆಂದರೆ ಒಂದು ಕಿಲೋ ಭಾರ, ಅದು ದಿನವಿಡೀ ಒಂದೇ ಹೆಗಲಿನ ಮೇಲೆ ಜೋತಿರುತ್ತದೆ. ಬಾಟಲಿ ಸೋರಿದರೆ ಮೊದಲು ನೆನೆಯುವುದು ಕಾಗದಪತ್ರ. ಸವಣೂರ ಖಾರಾದ ಪೊಟ್ಟಣವನ್ನು ನೆಂಟರಿಗೆಂದು ಇದೇ ಚೀಲಕ್ಕೆ ತುರುಕಿದವರಿಗೆ ಅಸ್ತರಿಗೆ ಹತ್ತಿದ ಎಣ್ಣೆಯ ಕಲೆ ಯಾವ ಸೋಪಿಗೂ ಹೋಗುವುದಿಲ್ಲವೆಂದು ಗೊತ್ತು. ಅದಕ್ಕೆಲ್ಲ ಬಟ್ಟೆಯ ಕೈಚೀಲವಿದೆ, ಅದು ಸಂತೆಗೂ ಆಗುತ್ತದೆ. ಬಗಲಚೀಲಕ್ಕೆ ನನ್ನ ಅಳತೆ ಎ4 ಹಾಳೆಯನ್ನು ಅರ್ಧಕ್ಕೆ ಮಡಚಿದಷ್ಟು. ಮಡಚಿದ ಹಾಳೆ 21 ಸೆಂಟಿಮೀಟರ್ ಉದ್ದ, 15 ಸೆಂಟಿಮೀಟರಿಗೆ ತುಸು ಕಡಿಮೆ ಅಗಲ. ಹೊಲದ ಉತಾರ, ಆಸ್ಪತ್ರೆಯ ಚೀಟಿ, ಮಕ್ಕಳ ಶಾಲೆಯ ಅರ್ಜಿ ಒಂದೇ ಮಡಿಕೆಯಲ್ಲಿ ಕೂರುತ್ತವೆ, ಇಂದಿನ ದೊಡ್ಡ ಫೋನೂ ಅಡ್ಡಡ್ಡ ಮಲಗುತ್ತದೆ. ಇದಕ್ಕಿಂತ ಚಿಕ್ಕದಾದರೆ ಕಾಗದ ನಾಲ್ಕು ಮಡಿಕೆಯಾಗಿ ಗೆರೆಯಲ್ಲಿ ಹರಿಯುತ್ತದೆ. ದೊಡ್ಡದಾದರೆ ಖಾಲಿ ಜಾಗ ತನ್ನಷ್ಟಕ್ಕೆ ತುಂಬಿಕೊಳ್ಳುತ್ತದೆ.

ಪಟ್ಟಿಯ ವಿಷಯದಲ್ಲಿ ಅಂದ ನೋಡಿ ಮೋಸಹೋಗುವವರೇ ಹೆಚ್ಚು. ಬಂಗಾರದ ಬಣ್ಣದ ಸರಪಳಿ, ಹುರಿಯಂಥ ತೆಳು ಪಟ್ಟಿ ಮದುವೆಮನೆಗೆ ಸರಿ. ಅಷ್ಟೇ ಭಾರವನ್ನು ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಹೊತ್ತರೆ ಹೆಗಲಿನ ಮೇಲೆ ಬೀಳುವ ಒತ್ತಡ ನಾಲ್ಕು ಸೆಂಟಿಮೀಟರಿನ ಪಟ್ಟಿಯ ಒತ್ತಡಕ್ಕಿಂತ ನಾಲ್ಕು ಪಟ್ಟು. ಉದ್ದವೂ ಮುಖ್ಯ. ಚೀಲ ಸೊಂಟದ ಎಲುಬಿನ ಮಟ್ಟಕ್ಕೆ ನಿಲ್ಲಬೇಕು. ತೊಡೆಯವರೆಗೆ ಜೋತರೆ ನಡೆಯುವಾಗ ಬಡಿಯುತ್ತದೆ. ಸೀರೆಯುಟ್ಟು ಬೈಕಿನ ಹಿಂದೆ ಒಂದು ಬದಿಗೆ ಕೂತವರಿಗೆ ಚಕ್ರದ ಕಡೆ ಜೋತ ಪಟ್ಟಿ ಸೆರಗಿನಷ್ಟೇ ಅಪಾಯ. ಹತ್ತುವ ಮೊದಲು ಚೀಲವನ್ನು ಮಡಿಲಿಗೆ ಎಳೆದುಕೊಳ್ಳಲು ಬರುವಂತೆ ಪಟ್ಟಿ ಗಿಡ್ಡ ಮಾಡುವ ಬಕಲ್ ಇರಲೇಬೇಕು.

ರೆಗ್ಜಿನ್ನಿನ ಮೇಲೆ ನಮ್ಮವರಿಗಿರುವ ಭರವಸೆ ನನಗಿಲ್ಲ. ಚರ್ಮದಂತೆ ಹೊಳೆಯುವ ಬಹಳಷ್ಟು ಬ್ಯಾಗುಗಳ ಮೇಲಿರುವುದು ಬಟ್ಟೆಗೆ ಬಳಿದ ಪಾಲಿಯುರಿಥೇನಿನ ಪದರ. ಗಾಳಿಯ ತೇವ, ಮೈಯ ಬೆವರು ಅದನ್ನು ಒಳಗೊಳಗೇ ಒಡೆಯುತ್ತವೆ. ಟ್ರಂಕಿನಲ್ಲಿ ಜೋಪಾನ ಮಾಡಿಟ್ಟದ್ದೂ ಹಕ್ಕಳೆ ಏಳುವುದು ಅದಕ್ಕೇ. ದಪ್ಪ ಕ್ಯಾನ್ವಾಸು ಅಥವಾ ಮ್ಯಾಟಿ ಬಟ್ಟೆಯ ಚೀಲ ಅಷ್ಟು ಮಿಂಚುವುದಿಲ್ಲ, ಆದರೆ ಒಗೆಯಬಹುದು, ಹರಿದರೆ ಊರಿನ ದರ್ಜಿಯೇ ಹೊಲಿದುಕೊಡುತ್ತಾನೆ. ಚೈನು ನೈಲಾನಿನದಿರಲಿ. ತಗಡಿನ ಹಲ್ಲಿನದು ಮಳೆಗಾಲಕ್ಕೆ ತುಕ್ಕು ಹಿಡಿದು ಬಿಗಿಯುತ್ತದೆ. ಪಟ್ಟಿಯ ಬುಡದಲ್ಲಿ ಚೌಕಾಕಾರದ ಹೊಲಿಗೆಯ ನಡುವೆ ಅಡ್ಡಗೆರೆ ಹಾಕಿದ್ದಾರೆಯೇ ಎಂದು ತಿರುಗಿಸಿ ನೋಡಬೇಕು, ಬ್ಯಾಗು ಮೊದಲು ಕೈಕೊಡುವುದು ಅಲ್ಲಿಯೇ. ಇನ್ನು ಅಸ್ತರು. ಕಪ್ಪಾಗಿದ್ದರೆ ಕೊಳೆ ಕಾಣುವುದಿಲ್ಲ ಎಂದು ಅದನ್ನೇ ಆರಿಸುತ್ತಾರೆ. ಕಪ್ಪು ಅಸ್ತರಿನಲ್ಲಿ ಕೊಳೆಯ ಜೊತೆಗೆ ಕೀಲಿಯೂ ಕಾಣುವುದಿಲ್ಲ, ನಾಣ್ಯವೂ ಕಾಣುವುದಿಲ್ಲ. ಸಂಜೆಯ ಬಸ್ಸಿನ ಮಂದ ಬೆಳಕಿಗೆ ತಿಳಿಹಳದಿಯೋ ಬೂದಿಯೋ ಬೇಕು.

ಗಂಡಸರಿಗೆ ಇದೆಲ್ಲ ಯಾಕೆ ಎನ್ನುವ ಮಾತಿಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಹಸುಬೆ ಹೆಗಲಿಗೇರಿಸಿ ವ್ಯಾಪಾರಕ್ಕೆ ಹೋದವರು, ಕಾಗದ ಹಂಚಿದ ಅಂಚೆಯವರು, ಚಂಚಿ ಸಿಗಿಸಿಕೊಂಡವರು ಗಂಡಸರೇ. ಪ್ಯಾಂಟಿನ ಹಿಂಕಿಸೆಯಲ್ಲಿ ದಪ್ಪ ಪರ್ಸು, ಮುಂದಿನ ಕಿಸೆಯಲ್ಲಿ ಫೋನು, ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸುರುಳಿ ಸುತ್ತಿದ ಉತಾರ ಹಿಡಿದು ತಹಶೀಲ್ದಾರ್ ಕಚೇರಿಯ ಸಾಲಿನಲ್ಲಿ ನಿಲ್ಲುವವರಿಗೆ ಬಗಲಚೀಲದ ಅಗತ್ಯ ಹೆಂಗಸರಿಗಿಂತ ಎಳ್ಳಷ್ಟೂ ಕಡಿಮೆಯಿಲ್ಲ.

ಅಂಗಡಿಯವರಲ್ಲಿ ನನ್ನದೊಂದು ಕೇಳಿಕೆ. ಮಾರಾಟಕ್ಕೆ ತೂಗುಹಾಕಿದ ಬ್ಯಾಗಿನ ಹೊಟ್ಟೆಯೊಳಗೆ ಕಾಗದದ ಉಂಡೆ ತುಂಬಿರುತ್ತೀರಿ. ಅದರಿಂದ ಎಲ್ಲ ಬ್ಯಾಗುಗಳೂ ನೆಟ್ಟಗೆ, ತುಂಬಿಕೊಂಡು ಕಾಣುತ್ತವೆ. ಕೊಳ್ಳಲು ಬಂದವರಿಗೆ ಆ ಉಂಡೆ ತೆಗೆದುಕೊಡಿ. ಅವರು ತಮ್ಮ ಕಾರ್ಡು, ಫೋನು, ಚಿಲ್ಲರೆ ಒಳಗಿಟ್ಟು, ಪಟ್ಟಿ ಹೆಗಲಿಗೆ ಹಾಕಿಕೊಂಡು, ಎಡಗೈಯಲ್ಲಿ ಅಂಗಡಿಯ ಬಾಗಿಲ ಚೌಕಟ್ಟು ಹಿಡಿದು, ಬಲಗೈಯೊಂದರಿಂದಲೇ ಕಾರ್ಡು ತೆಗೆದು ತಿರುಗಿ ಇಟ್ಟು ನೋಡಲಿ. ಬೆರಳು ಬಿಗಿದ ವಯಸ್ಸಿನವರಿಗೆ ಚೈನಿನ ರನ್ನರಿಗೆ ಗೇಣುದ್ದದ ಲಾಡಿಯೊಂದನ್ನು ಕಟ್ಟಿಕೊಟ್ಟರೆ ಅದಕ್ಕೆ ತಗಲುವ ಖರ್ಚು ಏನೂ ಅಲ್ಲ.