ಗಾಜಿನಾಚೆಯ ನೆರೆಯವನು

ಬಲಾಢ್ಯ ರಾಷ್ಟ್ರದ ಬಲವನ್ನು ನಾವು ಅದರ ಸೈನ್ಯದಿಂದಲೂ ಬೊಕ್ಕಸದಿಂದಲೂ ಅಳೆಯುತ್ತೇವೆ. ಬೇಲಿಯಾಚೆಯವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೆಕ್ಸಿಕೋದ ಕಾರ್ಲೋಸ್ ಫುಯೆಂಟೆಸ್ 1995ರಲ್ಲಿ ಪ್ರಕಟಿಸಿದ ‘ಗಾಜಿನ ಗಡಿ’ಯನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದಾಗ ಈ ಲೆಕ್ಕದ ತಪ್ಪು ನನಗೆ ಹೊಳೆಯಿತು.

ಒಂಬತ್ತು ಕಥೆಗಳು ಕೂಡಿ ಆದ ಕಾದಂಬರಿ ಇದು. ಪುಸ್ತಕಕ್ಕೆ ಹೆಸರು ಕೊಟ್ಟ ಕಥೆಯಲ್ಲಿ ಲಿಸಾಂದ್ರೊ ಎಂಬ ತರುಣನನ್ನು ವಾರದ ಕೊನೆಯ ಮಟ್ಟಿಗೆ ವಿಮಾನದಲ್ಲಿ ನ್ಯೂಯಾರ್ಕಿಗೆ ಒಯ್ಯುತ್ತಾರೆ. ಗಾಜಿನ ಮಹಲೊಂದನ್ನು ಉಜ್ಜುವುದು ಅವನ ಕೆಲಸ. ಒಳಗೆ ಕುಳಿತ ಆಡ್ರಿ ಗಾಜಿನ ಮೇಲೆ ತನ್ನ ಹೆಸರು ಬರೆಯುತ್ತಾಳೆ. ಅವನು ಹೆಸರನ್ನು ಬಿಟ್ಟು ತನ್ನ ದೇಶವನ್ನಷ್ಟೇ ತಿಳಿಸುತ್ತಾನೆ. ಗಾಜಿನ ಎರಡೂ ಬದಿಗೆ ತುಟಿಗಳು ತಾಗುತ್ತವೆ. ಮೊದಲ ಸಲ ನಾನು ಇದನ್ನು ಪ್ರಣಯಕಥೆಯೆಂದೇ ಓದಿದೆ. ಎರಡನೆಯ ಸಲ ಆ ಬರೆಯದ ಹೆಸರು ಕಾಡಿತು.

ಇದು ಬರಿಯ ಕಲ್ಪನೆಯಲ್ಲ. 1942ರಲ್ಲಿ ಅಮೆರಿಕದ ಗಂಡಸರು ಯುದ್ಧಕ್ಕೆ ನಡೆದಾಗ ಅಲ್ಲಿಯ ಹೊಲಗಳಿಗೂ ರೈಲುಹಾದಿಗಳಿಗೂ ಮೆಕ್ಸಿಕೋದ ಕೂಲಿಗಳನ್ನು ಕರಾರಿನ ಮೇಲೆ ತರಿಸಿದರು. ಯುದ್ಧ ಮುಗಿದರೂ ಈ ಏರ್ಪಾಡು 1964ರವರೆಗೆ ನಡೆಯಿತು. ಕರಾರುಗಳು ನಲವತ್ತು ಲಕ್ಷವನ್ನು ಮೀರಿದವು. ಮರುವರ್ಷದಿಂದ ಕಾರ್ಖಾನೆಗಳೇ ಗಡಿ ದಾಟಿ ಅಗ್ಗದ ಕೈಗಳನ್ನು ಅರಸಿ ಬಂದವು. 2023ರಲ್ಲಿ ಚೀನವನ್ನೂ ಹಿಂದಿಕ್ಕಿ ಅಮೆರಿಕಕ್ಕೆ ಅತಿ ಹೆಚ್ಚು ಸರಕು ಮಾರಿದ ದೇಶ ಮೆಕ್ಸಿಕೋ. ಇನ್ನು ರಕ್ಷಣೆಯ ಮಾತು: ಮೂರು ಸಾವಿರ ಕಿಲೋಮೀಟರಿಗೂ ಮಿಕ್ಕ ಆ ಗಡಿಯಲ್ಲಿ ಶತ್ರುಸೈನ್ಯದ ಭಯವಿಲ್ಲದ್ದರಿಂದಲೇ ಅಮೆರಿಕ ತನ್ನ ದಂಡನ್ನು ನಿಶ್ಚಿಂತೆಯಿಂದ ಸಾಗರದಾಚೆ ಕಳಿಸಬಲ್ಲದು. ಮನೆಯ ಹಿಂಬಾಗಿಲು ಕಾಯಬೇಕಾದವನು ಊರು ಸುತ್ತಲಾರ.

ಕೃತಿಯಲ್ಲಿ ದೋಷವಿಲ್ಲದಿಲ್ಲ. ಕಥೆಗಳನ್ನು ಹೆಣೆಯಲು ಲೇಖಕರು ಬರೋಸೊ ಎಂಬ ಧನಿಕನನ್ನು ಬಳಸುತ್ತಾರೆ. ಅವನು ಮನುಷ್ಯನಿಗಿಂತ ಹೆಚ್ಚಾಗಿ ಸೂತ್ರದ ಬೊಂಬೆಯಾಗಿದ್ದಾನೆ. ಎಲ್ಲಕ್ಕೂ ಒಬ್ಬ ದುರಾಸೆಯವನೇ ಮೂಲವೆಂದುಬಿಟ್ಟರೆ ಓದುಗನಿಗೆ ಸಮಾಧಾನವೇನೋ ದೊರೆಯುತ್ತದೆ. ಅಗ್ಗದ ತರಕಾರಿ ಕೊಳ್ಳುವ ಸಜ್ಜನರೂ ಇದರಲ್ಲಿ ಪಾಲುದಾರರೆಂಬ ಕಠಿಣ ಸತ್ಯ ಮರೆಯಾಗುತ್ತದೆ. ಆಡ್ರಿಯ ಕಥೆ ಈ ತಪ್ಪು ಮಾಡಿಲ್ಲ. ಆಕೆ ಕೆಟ್ಟವಳಲ್ಲ, ಕರುಣೆಯುಳ್ಳವಳೇ. ಆದರೂ ಗಾಜು ಕರಗುವುದಿಲ್ಲ.

ಈ ಕೊಡುಕೊಳ್ಳುವಿಕೆಯಿಂದ ಮೆಕ್ಸಿಕೋದ ಮನೆಗಳಿಗೂ ಅನ್ನ ಸಿಕ್ಕಿದೆ ಎನ್ನುವವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಅನ್ನ ಸಿಕ್ಕಿತು, ಕೂಲಿ ಸಂದಿತು. ಆದರೆ ತನ್ನ ಕಿಟಕಿಯನ್ನು ಬೆಳಗಿದವನ ಹೆಸರನ್ನು ಮನೆಯೊಡೆಯ ಕೇಳಲಿಲ್ಲ. ಫುಯೆಂಟೆಸ್ ಬರೆದದ್ದು ಆ ಸಲ್ಲದ ಬಾಕಿಯನ್ನು ಕುರಿತು.